ಕೋರ್ಟು ಬಿಟ್ಟರೂ ಜನ ಬಿಡದಿದ್ದರೆ? ಖುಲಾಸೆಯ ನಂತರದ ಬೆದರಿಕೆಗೆ ಏನು ಮಾಡಬೇಕು

ಪ್ರಶ್ನೆ: ಮುಂಬಯಿಯ ಮುಲುಂಡ್ ಪೂರ್ವದಲ್ಲಿ ನಮ್ಮ ಸೊಸೈಟಿ ಇದೆ. ಅರ್ಧಕ್ಕರ್ಧ ಮನೆಗಳು ಕನ್ನಡದವರದು, ತುಳುವರದು. ನಾನು ಕಾರ್ಯದರ್ಶಿ. ನಮ್ಮ ಕಟ್ಟಡದ ಒಬ್ಬರು ಕೊಲೆ ಪ್ರಕರಣದಲ್ಲಿ ನಾಲ್ಕು ವರ್ಷ ಜೈಲಿನಲ್ಲಿದ್ದರು. ಹೋದ ವಾರ ಸೆಷನ್ಸ್ ಕೋರ್ಟು ಸಂಶಯದ ಲಾಭ ಕೊಟ್ಟು ಅವರನ್ನು ಖುಲಾಸೆ ಮಾಡಿತು. ಸದ್ಯ ವಸಾಯಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ, ಭಾನುವಾರ ಇಲ್ಲಿಗೆ ಬರುತ್ತಾರಂತೆ. ಸತ್ತ ಹುಡುಗನ ಮನೆಯವರು ಎರಡೇ ಗಲ್ಲಿ ಆಚೆ ಇದ್ದಾರೆ, ಅವರೂ ನಮ್ಮ ಕಡೆಯವರೇ. ನಮ್ಮ ಊರಿನವರ ವಾಟ್ಸಾಪ್ ಗುಂಪಿನಲ್ಲಿ ‘ಕೋರ್ಟು ಬಿಟ್ಟರೂ ನಾವು ಬಿಡುವುದಿಲ್ಲ’, ‘ನಾಗಪುರದಲ್ಲಿ ಆದ ಹಾಗೆ ಆಗಲಿ’ ಎಂದೆಲ್ಲ ಬರುತ್ತಿದೆ. ಏರಿಯಾದಲ್ಲಿ 144 ಹಾಕಿದ್ದಾರೆ ಎಂದು ಯಾರೋ ಹಬ್ಬಿಸಿದ್ದಾರೆ. ಅವರನ್ನು ಗೇಟಿನ ಒಳಗೆ ಬಿಡಬಾರದು ಎಂದು ಕೆಲವು ಸದಸ್ಯರ ಒತ್ತಾಯ. ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಿರಿಯರೊಬ್ಬರೂ ಇದೇ ಕಟ್ಟಡದಲ್ಲಿದ್ದು, ಅವರು ರಾತ್ರಿ ನಿದ್ದೆ ಮಾಡುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಭಾನುವಾರದಿಂದ ಶುರು ಮಾಡಿ. ಉಳಿದದ್ದಕ್ಕೆಲ್ಲ ವಾರಗಳ ಸಮಯವಿದೆ, ಅದಕ್ಕೆ ಮಾತ್ರ ಇಲ್ಲ. ಖುಲಾಸೆಯ ಮೇಲೆ ಜನರಿಗೆ ಸಿಟ್ಟು ಬರುವುದು ಹೊಸದಲ್ಲ, ಬರಿಯ ಸಿಟ್ಟಿನಿಂದ ಹೊಡೆದಾಟವೂ ಆಗುವುದಿಲ್ಲ. ಗುರುತಿರುವ ವಿಳಾಸ, ಗೊತ್ತಾದ ದಿನ, ‘ಎಲ್ಲರೂ ಬನ್ನಿ’ ಎನ್ನುವ ಒಂದು ಕರೆ, ಈ ಮೂರೂ ಒಟ್ಟಿಗೆ ಬಿದ್ದಾಗ ಅಪಾಯ. ನಿಮ್ಮಲ್ಲಿ ಮೊದಲ ಎರಡು ಈಗಾಗಲೇ ಇವೆ.

ಇಂದೇ ಠಾಣೆಗೆ ಲಿಖಿತ ಅರ್ಜಿ ಕೊಡಿ. ಮುಲುಂಡ್ ಪೂರ್ವಕ್ಕೆ ನವಘರ್ ಪೊಲೀಸ್ ಠಾಣೆ. ಅರ್ಜಿ ಸೀನಿಯರ್ ಪಿಐ, ಅಂದರೆ ಠಾಣೆಯ ಮುಖ್ಯ ಇನ್‌ಸ್ಪೆಕ್ಟರ್ ಹೆಸರಿಗಿರಲಿ, ಪ್ರತಿಗಳು ವಿಭಾಗದ ಎಸಿಪಿಗೆ ಮತ್ತು 7ನೇ ವಲಯದ ಡಿಸಿಪಿಗೆ ಹೋಗಲಿ. ನಿಮ್ಮ ಪ್ರತಿಯ ಮೇಲೆ ಅರ್ಜಿ ತಲುಪಿದ್ದಕ್ಕೆ ಇನ್‌ವರ್ಡ್ ಸಿಕ್ಕೆ, ತಾರೀಖು, ಸಮಯ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಬಾಯಿಮಾತಿನಲ್ಲಿ ‘ಸಾಹೇಬರಿಗೆ ಹೇಳಿ ಬಂದೆವು’ ಎನ್ನುವುದಕ್ಕೆ ನಾಳೆ ಯಾವ ಬೆಲೆಯೂ ಇಲ್ಲ. ಡ್ಯೂಟಿ ಬದಲಾದರೆ ನೀವು ಯಾರಿಗೆ ಹೇಳಿದಿರೋ ಅವರೇ ಅಲ್ಲಿರುವುದಿಲ್ಲ.

ಅರ್ಜಿ ಎಲ್ಲಿ ಸೋಲುತ್ತದೆ ಎಂದರೆ ಬರವಣಿಗೆಯಲ್ಲಿ. ‘ವಾತಾವರಣ ಬಿಗಡಾಯಿಸಿದೆ, ನಿವಾಸಿಗಳು ಭಯಭೀತರಾಗಿದ್ದಾರೆ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆದರೆ ಅದು ಫೈಲಿಗೆ ಹೋಗಿ ಮಲಗುತ್ತದೆ. ಭಯವನ್ನು ಪೊಲೀಸರು ಹಿಡಿಯಲಾರರು. ದಿನ, ಜಾಗ, ಫೋನ್ ನಂಬರು ಕೊಟ್ಟರೆ ಹಿಡಿಯಬಲ್ಲರು. ಅದನ್ನೇ ಹೀಗೆ ಬರೆಯಿರಿ: ‘ಇಂತಹ ತಾರೀಖಿನ ರಾತ್ರಿ 10.40ಕ್ಕೆ, ಇಂತಹ ಹೆಸರಿನ, ಇಷ್ಟು ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ, ಇಂತಹ ನಂಬರಿನಿಂದ, ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಎದುರು ಸೇರಬೇಕೆಂಬ ಕರೆ ಬಂದಿದೆ. ಮೂಲ ಸಂದೇಶ ಮತ್ತು ಅನುವಾದ ಲಗತ್ತಿಸಿದೆ. ಸದರಿ ವ್ಯಕ್ತಿ ಭಾನುವಾರ ಮನೆಗೆ ಮರಳಲಿದ್ದಾರೆ. ಕಟ್ಟಡಕ್ಕೆ ಎರಡು ಗೇಟುಗಳಿದ್ದು ಹಿಂದಿನ ಗೇಟಿಗೆ ಕಾವಲುಗಾರ ಇಲ್ಲ.’ ಕೊನೆಯ ವಾಕ್ಯ ಚಿಲ್ಲರೆ ವಿವರದಂತೆ ಕಾಣಬಹುದು. ಬಂದೋಬಸ್ತಿಗೆ ಎಷ್ಟು ಜನ ಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಠಾಣೆಯವರು ಲೆಕ್ಕ ಹಾಕುವುದು ಅಂತಹ ವಾಕ್ಯದಿಂದಲೇ. ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ಸೇರುವ ಕರೆ ಬಂದಿಲ್ಲದಿದ್ದರೆ ಬಂದಿಲ್ಲ ಎಂದೇ ಇರಲಿ, ಬಂದ ಮಾತುಗಳನ್ನಷ್ಟೇ ಬರೆಯಿರಿ.

ಏನು ಬೇಕು ಎಂಬುದನ್ನೂ ಹೆಸರು ಹಿಡಿದು ಕೇಳಬೇಕು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಅದರ 168ನೇ ಕಲಮಿನ ಪ್ರಕಾರ ಸಂಜ್ಞೇಯ ಅಪರಾಧ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ನಡೆಯದಂತೆ ತಡೆಯುವುದು ಪೊಲೀಸರ ಕೆಲಸ. ಮುಂಬಯಿ ಠಾಣೆಗಳಲ್ಲಿ ಇದನ್ನು ಇಂದಿಗೂ ‘149ರ ನೋಟಿಸ್’ ಎನ್ನುತ್ತಾರೆ, ಅದು ಹಳೆಯ ಸಂಖ್ಯೆ. ಕರೆ ಕೊಟ್ಟ ನಾಲ್ಕೈದು ಜನರನ್ನು ಠಾಣೆಗೆ ಕರೆಸಿ ಆ ನೋಟಿಸನ್ನು ಕೈಗೆ ಕೊಟ್ಟರೆ, ಗುಂಪಿನಲ್ಲಿ ಹುಲಿಯಾಗಿದ್ದವರಲ್ಲಿ ಹೆಚ್ಚಿನವರು ಅಲ್ಲೇ ತಣ್ಣಗಾಗುತ್ತಾರೆ. ತಣ್ಣಗಾಗದವರಿಗೆ ಅದೇ ಸಂಹಿತೆಯ 126ನೇ ಕಲಮು, ಬೀದಿಯ ಭಾಷೆಯಲ್ಲಿ ‘ಚಾಪ್ಟರ್ ಕೇಸ್’. ವಿಶೇಷ ಕಾರ್ಯಕಾರಿ ಮ್ಯಾಜಿಸ್ಟ್ರೇಟರ ಅಧಿಕಾರವಿರುವ ಎಸಿಪಿ ಎದುರು, ಒಂದು ವರ್ಷದವರೆಗೆ ಶಾಂತಿ ಕಾಪಾಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಅದಕ್ಕೂ ಬಗ್ಗದೆ ಹಲ್ಲೆಗೆ ಹೊರಟರೆ 170ರಡಿ ವಾರಂಟ್ ಇಲ್ಲದೆ ಬಂಧಿಸಬಹುದು, ಆದರೆ 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಈ ಅಸ್ತ್ರ ಉಪಯೋಗಕ್ಕೆ ಬರುವುದು ಶನಿವಾರ ರಾತ್ರಿಗೆ. ಬುಧವಾರವೇ ಬಂಧಿಸಿದರೆ ಭಾನುವಾರದ ಹೊತ್ತಿಗೆ ಅವರು ಹೊರಗೆ ಬಂದಿರುತ್ತಾರೆ.

ಇಲ್ಲಿ ಒಂದು ತೊಡಕು ಬರುತ್ತದೆ. ಬೆದರಿಕೆ ಎಂದಷ್ಟೇ ಹೇಳಿದರೆ ಠಾಣೆಯಲ್ಲಿ ಎನ್‌ಸಿ ಬರೆದು ಕಳಿಸುತ್ತಾರೆ. ಎನ್‌ಸಿ ಎಂದರೆ ಅಸಂಜ್ಞೇಯ. ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮುಂದುವರಿಯುವುದಿಲ್ಲ. ಆದರೆ ಮುನ್ನೂರು ಜನರ ಗುಂಪಿನಲ್ಲಿ ‘ಎಲ್ಲರೂ ಬನ್ನಿ, ನೋಡಿಕೊಳ್ಳೋಣ’ ಎಂದು ಬರೆಯುವುದು ಬರಿಯ ಬೆದರಿಕೆ ಅಲ್ಲ. ಹತ್ತಕ್ಕಿಂತ ಹೆಚ್ಚು ಜನರನ್ನು ಅಪರಾಧಕ್ಕೆ ಪ್ರಚೋದಿಸುವುದಕ್ಕೆ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 57ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಅರ್ಜಿಯಲ್ಲಿ ಈ ಕಲಮನ್ನು ಉಲ್ಲೇಖಿಸಿ, ಗುಂಪಿನ ಸದಸ್ಯರ ಸಂಖ್ಯೆ ಕಾಣುವ ಸ್ಕ್ರೀನ್‌ಶಾಟ್ ಲಗತ್ತಿಸಿ. ಆದರೂ ದೂರು ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ 173ನೇ ಕಲಮಿನ 4ನೇ ಉಪಕಲಮಿನಂತೆ ಅದೇ ದೂರನ್ನು ಅಂಚೆಯಲ್ಲಿ ಡಿಸಿಪಿಗೆ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು.

ಸಂದೇಶಗಳು ಕನ್ನಡದಲ್ಲಿ, ಧ್ವನಿ ಸಂದೇಶಗಳು ತುಳುವಿನಲ್ಲಿ ಇರುತ್ತವಲ್ಲ, ಹೊರನಾಡಿನ ನಮ್ಮವರು ಎಡವುವುದು ಅಲ್ಲಿ. ಓದಲು ಬಾರದ ಲಿಪಿಯ ಸ್ಕ್ರೀನ್‌ಶಾಟ್ ನೋಡಿ ಅಧಿಕಾರಿ ಏನು ಮಾಡಿಯಾರು? ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ. ಎಡಗಡೆ ಮೂಲ ಮಾತು ಇದ್ದಂತೆಯೇ, ಬೈಗುಳವನ್ನೂ ಬಿಡದೆ. ಬಲಗಡೆ ಮರಾಠಿ ಅನುವಾದ. ಧ್ವನಿ ಸಂದೇಶವಾದರೆ ಎಷ್ಟನೇ ಸೆಕೆಂಡಿನಲ್ಲಿ ಯಾವ ಮಾತು ಬರುತ್ತದೆ ಎಂದು ಗುರುತು ಹಾಕಿ. ಅನುವಾದ ಮಾಡಿದವರು ಕೆಳಗೆ ಹೆಸರು ಬರೆದು ಸಹಿ ಮಾಡಲಿ. ‘ಅವನನ್ನು ವಿಚಾರಿಸಿಕೊಳ್ಳುತ್ತೇವೆ’ ಎಂಬುದನ್ನು ಮಕ್ಕೀಕಾಮಕ್ಕಿಯಾಗಿ ಮರಾಠಿಗೆ ತಿರುಗಿಸಿದರೆ ಯೋಗಕ್ಷೇಮ ಕೇಳಿದಂತಾದೀತು, ನಮ್ಮಲ್ಲಿ ಅದು ಯಾವ ಅರ್ಥದಲ್ಲಿ ಬಳಕೆಯಾಗುತ್ತದೆ ಎಂದು ಒಂದು ಸಾಲು ಸೇರಿಸಿ. ನಂತರ ಪೊಲೀಸರು ನಿಮ್ಮ ಹೇಳಿಕೆಯನ್ನು ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ. ಓದಿ ಹೇಳಿಸಿಕೊಳ್ಳಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ದೂರಿಗೆ ನಿಮ್ಮ ಸಹಿ ಬೇಕು. ತನಿಖೆಯ ವೇಳೆ ಸಾಕ್ಷಿಯಾಗಿ ಕೊಡುವ ಹೇಳಿಕೆಗೆ ಸಹಿ ಹಾಕುವ ಕ್ರಮ ಕಾನೂನಿನಲ್ಲಿಲ್ಲ, ಬಿಎನ್‌ಎಸ್‌ಎಸ್ 181ನೇ ಕಲಮು ಅದನ್ನು ಸ್ಪಷ್ಟವಾಗಿ ಹೇಳಿದೆ.

ಸ್ಕ್ರೀನ್‌ಶಾಟ್ ತೆಗೆಯುವಾಗ ಸೇವ್ ಮಾಡಿದ ಹೆಸರಿನ ಬದಲು ನಂಬರು ಕಾಣುವಂತಿರಲಿ. ‘ಗಣೇಶಣ್ಣ ಹೋಟೆಲ್’ ಎಂದು ನಿಮ್ಮ ಫೋನಿನಲ್ಲಿ ಇದ್ದರೆ ಆ ಗಣೇಶಣ್ಣ ಯಾರೆಂದು ಕೋರ್ಟಿಗೆ ಹೇಗೆ ಗೊತ್ತು? ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ, ಗುಂಪಿನಿಂದ ಹೊರಬೀಳಬೇಡಿ, ಆ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಹೊಸ ನಮೂನೆಯಲ್ಲಿ ಎರಡು ಭಾಗಗಳಿವೆ, ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತನ್ನೂ, ನಮೂದಿಸಬೇಕು. ಮೂಲ ಫೋನು ಕೈಯಲ್ಲಿದ್ದರೆ ಇದೆಲ್ಲ ಸಲೀಸು. ಗುಂಪಿನ ಅಡ್ಮಿನ್ ಹೆದರಿ ಎಲ್ಲವನ್ನೂ ಅಳಿಸಲು ಹೊರಟಿದ್ದರೆ ತಡೆಯಿರಿ. ಸದಸ್ಯ ಹಾಕಿದ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ, ಮೊದಲೇ ಕೂಡಿ ಯೋಜಿಸಿದ್ದು ಕಂಡುಬರಬೇಕು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೇಳಿದೆ. ಅಡ್ಮಿನ್ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ, ಸಾಕ್ಷ್ಯ ಉಳಿಸಿಕೊಂಡ ಮೇಲೆ ಒಂದೆರಡು ವಾರ ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂದು ಸೆಟ್ಟಿಂಗ್ ಬದಲಿಸುವುದು.

144ರ ಗಾಳಿಸುದ್ದಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಆ ಕಲಮು ಈಗ ಬಿಎನ್‌ಎಸ್‌ಎಸ್ 163. ಮುಂಬಯಿಯಲ್ಲಿ ಪೊಲೀಸರು ಸಾಮಾನ್ಯವಾಗಿ ಬಳಸುವುದು ಅದನ್ನೂ ಅಲ್ಲ, 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮನ್ನು. ಅದರಡಿ ಐದು ಅಥವಾ ಹೆಚ್ಚು ಜನ ಸೇರುವುದನ್ನು ನಿಷೇಧಿಸುವ ಆದೇಶ ಸರ್ಕಾರದ ಒಪ್ಪಿಗೆ ಇಲ್ಲದೆ 15 ದಿನ ದಾಟುವಂತಿಲ್ಲ. ಹಾಗಾಗಿ ನಗರದಲ್ಲಿ ಅದು ಆಗಾಗ ಹೊಸದಾಗಿ ಹೊರಡುತ್ತಲೇ ಇರುತ್ತದೆ. ಮದುವೆ, ಶವಯಾತ್ರೆ, ಸಹಕಾರ ಸಂಘಗಳ ಸಭೆಗೆ ವಿನಾಯಿತಿಯೂ ಇರುತ್ತದೆ. ಪ್ರತಿ ಸಲ ಯಾರೋ ಅದನ್ನು ನೋಡಿ ‘ಕರ್ಫ್ಯೂ’ ಎಂದು ಹಬ್ಬಿಸುತ್ತಾರೆ. ನಿಮಗೆ ಅದರಿಂದ ಒಂದು ಲಾಭವಿದೆ. ಆದೇಶ ಜಾರಿಯಲ್ಲಿದ್ದರೆ ನಿಮ್ಮ ಗೇಟಿನ ಎದುರು ಸೇರುವ ಗುಂಪು ಕೈ ಎತ್ತುವ ಮೊದಲೇ ಕಾನೂನು ಮುರಿದಂತೆ. ಠಾಣೆಗೆ ಹೋದಾಗ ಈ ವಾರ ಆದೇಶ ಜಾರಿಯಲ್ಲಿದೆಯೇ ಎಂದು ಕೇಳಿ.

ಇನ್ನು ಸತ್ತ ಹುಡುಗನ ಮನೆಯವರ ಮಾತು. ಈ ವಿಷಯದಲ್ಲಿ ಎಲ್ಲರೂ ಆರೋಪಿಯ ಸುತ್ತ ಓಡಾಡುತ್ತಾರೆ, ಮಗನನ್ನು ಕಳೆದುಕೊಂಡವರ ಹತ್ತಿರ ಕೂತು ಮುಂದೇನು ಎಂದು ಹೇಳುವವರೇ ಇರುವುದಿಲ್ಲ. ದೊಡ್ಡ ತಪ್ಪು ಅದು. ಅವರ ಸಂಕಟವನ್ನು ನೆಪ ಮಾಡಿಕೊಂಡೇ ಬೇರೆಯವರು ಕೈ ತುರಿಸಿಕೊಳ್ಳುತ್ತಿರುವುದು. ಆ ಮನೆಗೆ ಹತ್ತಿರವಾದ ಹಿರಿಯರೊಬ್ಬರು ಹೋಗಿ ಎರಡು ಸಂಗತಿ ತಿಳಿಸಬೇಕು.

ಮೊದಲನೆಯದು, ಪ್ರಕರಣ ಮುಗಿದಿಲ್ಲ. ಸರ್ಕಾರ ಬಿಎನ್‌ಎಸ್‌ಎಸ್ 419ರಡಿ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ಅದಕ್ಕೆ 90 ದಿನಗಳ ಅವಧಿ, ಮೊದಲು ಹೈಕೋರ್ಟಿನ ಅನುಮತಿಯೂ ಬೇಕು. ತನಿಖಾಧಿಕಾರಿಯ ಪ್ರಸ್ತಾವ, ಸರ್ಕಾರಿ ವಕೀಲರ ಅಭಿಪ್ರಾಯ, ವಿಧಿ ಮತ್ತು ನ್ಯಾಯ ಇಲಾಖೆಯ ಒಪ್ಪಿಗೆ, ಹೀಗೆ ಫೈಲು ಮೂರು ಮೇಜು ದಾಟಬೇಕು. ಸರ್ಕಾರ ಹಾಕುತ್ತದೆ ಎಂದು ಕಾದು ಕೂತರೆ ಅವಧಿ ಜಾರುತ್ತದೆ. ಈಗಲೇ ತನಿಖಾಧಿಕಾರಿಗೂ ಸರ್ಕಾರಿ ವಕೀಲರಿಗೂ ಲಿಖಿತ ಮನವಿ ಕೊಡಬೇಕು. ಅದಕ್ಕಿಂತ ಮುಖ್ಯವಾಗಿ, ಮನೆಯವರು ತಾವೇ ಮೇಲ್ಮನವಿ ಹಾಕಬಹುದು. ಸಂತ್ರಸ್ತರಿಗೆ 413ನೇ ಕಲಮು ಆ ಹಕ್ಕು ಕೊಟ್ಟಿದೆ, ಸತ್ತವರ ವಾರಸುದಾರರೂ ಅದರಲ್ಲಿ ಸೇರುತ್ತಾರೆ. ಇದಕ್ಕೆ ಹೈಕೋರ್ಟಿನ ಮುಂಗಡ ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಬಹುಮತದಿಂದ ತೀರ್ಮಾನಿಸಿತು. ಆ ಪ್ರಕರಣ ನಮ್ಮ ಕರ್ನಾಟಕದ್ದೇ, ಮಲ್ಲಿಕಾರ್ಜುನ ಕೊಡಗಲಿ ವಿರುದ್ಧ ಕರ್ನಾಟಕ ಸರ್ಕಾರ. ಹೈಕೋರ್ಟಿಗೆ 60 ದಿನದೊಳಗೆ ಹಾಕಿಬಿಟ್ಟರೆ ಅವಧಿಯ ತಕರಾರಿಗೆ ಜಾಗವೇ ಉಳಿಯುವುದಿಲ್ಲ. ತೀರ್ಪಿನ ದೃಢೀಕೃತ ಪ್ರತಿಗೆ ಈ ವಾರವೇ ಅರ್ಜಿ ಹಾಕಲಿ, ಪ್ರತಿ ಸಿಗಲು ಹಿಡಿದ ದಿನಗಳು ಅವಧಿಯಲ್ಲಿ ಎಣಿಕೆಯಾಗುವುದಿಲ್ಲ. ವಕೀಲರ ಖರ್ಚಿನ ಚಿಂತೆಯಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ನೆರವು ಸಿಗುತ್ತದೆ, ಹಾಗಾಗಿ ಹುಡುಗನ ತಾಯಿಯ ಹೆಸರಿನಲ್ಲಿ ಅರ್ಜಿ ಹಾಕುವುದು ಸುಲಭ.

ಗೆಲ್ಲುತ್ತದೆಯೇ ಎಂದು ಅವರು ಕೇಳುತ್ತಾರೆ. ಸುಳ್ಳು ಭರವಸೆ ಕೊಡಬೇಡಿ. ಚಂದ್ರಪ್ಪ ವಿರುದ್ಧ ಕರ್ನಾಟಕ ಸರ್ಕಾರ ಎಂಬ 2007ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ಖುಲಾಸೆಯಾದವನ ಪರ ನಿರ್ದೋಷಿ ಎಂಬ ಊಹೆ ಇಮ್ಮಡಿ ಗಟ್ಟಿಯಾಗಿರುತ್ತದೆ. ಸಾಕ್ಷ್ಯದಿಂದ ಎರಡು ಅಭಿಪ್ರಾಯಗಳಿಗೆ ಸಮಂಜಸವಾಗಿ ಎಡೆಯಿದ್ದರೆ ಹೈಕೋರ್ಟು ಖುಲಾಸೆಯನ್ನು ಕದಲಿಸಬಾರದು. ಹಾಗೆಂದು ಬಾಗಿಲು ಮುಚ್ಚಿಲ್ಲ. ಗೋವಾದ ಅಂಜುನಾ ಬೀಚಿನಲ್ಲಿ 2008ರಲ್ಲಿ ಬ್ರಿಟಿಷ್ ಹುಡುಗಿಯೊಬ್ಬಳು ಸತ್ತ ಪ್ರಕರಣದಲ್ಲಿ 2016ರಲ್ಲಿ ಇಬ್ಬರು ಆರೋಪಿಗಳೂ ಖುಲಾಸೆಯಾದರು, 2019ರಲ್ಲಿ ಹೈಕೋರ್ಟಿನ ಗೋವಾ ಪೀಠ ಅವರಲ್ಲಿ ಒಬ್ಬನಿಗೆ ಶಿಕ್ಷೆ ವಿಧಿಸಿತು. ಮುಂಬಯಿಯ ಹಳಬರಿಗೆ ನೆನಪಿರುವ, ನೌಕಾಧಿಕಾರಿ ನಾನಾವತಿ ಮೇಲಿನ 1959ರ ಕೊಲೆ ಪ್ರಕರಣವೂ ಹಾಗೆಯೇ. ಜ್ಯೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಎಂದಿತು, ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು.

ಎರಡನೆಯ ಸಂಗತಿಯನ್ನು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಬೇಕು. ಆರೋಪಿ ಸತ್ತರೆ ಖುಲಾಸೆಯ ವಿರುದ್ಧದ ಮೇಲ್ಮನವಿಯೂ ಅಲ್ಲಿಗೇ ಸಾಯುತ್ತದೆ. ಸರ್ಕಾರ ಹಾಕಿದ ಮೇಲ್ಮನವಿಯ ಬಗ್ಗೆ ಬಿಎನ್‌ಎಸ್‌ಎಸ್ 435 ಇದನ್ನು ನೇರವಾಗಿಯೇ ಹೇಳಿದೆ. ಯಾರೋ ಆವೇಶದಲ್ಲಿ ಅವರಿಗೆ ಏನಾದರೂ ಮಾಡಿದರೆ, ಈ ಮನೆಯವರ ಮಗನ ಪ್ರಕರಣದಲ್ಲಿ ಕಾನೂನಿನ ಕೊನೆಯ ಮಾತು ‘ನಿರ್ದೋಷಿ’ ಎಂದೇ ಶಾಶ್ವತವಾಗಿ ಉಳಿಯುತ್ತದೆ. ಜೊತೆಗೆ ಈ ಮನೆಯ ಅಣ್ಣನೋ ಚಿಕ್ಕಪ್ಪನೋ ಕೊಲೆ ಆರೋಪಿಯಾಗುತ್ತಾರೆ. ಗುಂಪಿನಲ್ಲಿದ್ದು ಕೈ ಎತ್ತದವರನ್ನೂ ಕಾನೂನು ಬಿಡುವುದಿಲ್ಲ. ಸಮಾನ ಉದ್ದೇಶದ ಅಕ್ರಮ ಕೂಟದಲ್ಲಿ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ, ನ್ಯಾಯ ಸಂಹಿತೆಯ 190.

‘ನಾಗಪುರದ ಹಾಗೆ’ ಎನ್ನುವವರಿಗೆ ಆ ಪ್ರಕರಣ ಅರ್ಧವೇ ಗೊತ್ತು. 2004ರ ಆಗಸ್ಟ್ 13ರಂದು ನಾಗಪುರದ ಕೋರ್ಟಿನಲ್ಲಿ ಕಸ್ತೂರಬಾ ನಗರದ ಮಹಿಳೆಯರ ಗುಂಪಿನ ಕೈಯಲ್ಲಿ ಸತ್ತವನು ಖುಲಾಸೆಯಾದವನಲ್ಲ. ಪೊಲೀಸ್ ವಶದಲ್ಲಿದ್ದ ವಿಚಾರಣಾಧೀನ, ಜಾಮೀನು ವಿಚಾರಣೆಗೆ ಕರೆತಂದಿದ್ದರು. ಆ ಬಸ್ತಿಯವರು ವರ್ಷಗಟ್ಟಲೆ ದೂರು ಕೊಟ್ಟರೂ ಕೇಳುವವರಿರಲಿಲ್ಲ. ಆರೋಪ ಹೊತ್ತ ನಿವಾಸಿಗಳು ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾದದ್ದು 2014ರಲ್ಲಿ. ಅಲ್ಲಿಯವರೆಗಿನ ಹತ್ತು ವರ್ಷ ಅವರು ಆರೋಪಿಗಳಾಗಿಯೇ ಬದುಕಿದರು.

ನನ್ನ ಅಭಿಪ್ರಾಯ ಹೇಳುವುದಾದರೆ, ಮೇಲಿನ ಕೋರ್ಟಿಗೆ ಹೋಗುವ ದಾರಿ ಕಣ್ಣೆದುರು ಕಾಣುವಂತಿದ್ದರೆ ಬೀದಿಯ ಕಾವು ಇಳಿಯುತ್ತದೆ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು 2006ರ ಲೋಕಲ್ ರೈಲು ಸ್ಫೋಟ ಪ್ರಕರಣದ ಹನ್ನೆರಡೂ ಮಂದಿಯನ್ನು ಬಿಟ್ಟಿತು. ಜುಲೈ 24ರೊಳಗೆ ವಿಷಯ ಸುಪ್ರೀಂ ಕೋರ್ಟಿನ ಮುಂದಿತ್ತು. ಬಿಡುಗಡೆಯಾದವರು ಜೈಲಿಗೆ ಮರಳಬೇಕಿಲ್ಲ, ಆದರೆ ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸುವಂತಿಲ್ಲ ಎಂದು ಅದು ಹೇಳಿತು. ಅದೇ ಜುಲೈ 31ರಂದು ಮುಂಬಯಿಯ ವಿಶೇಷ ಕೋರ್ಟು 2008ರ ಮಾಲೆಗಾಂವ್ ಸ್ಫೋಟದ ಏಳೂ ಆರೋಪಿಗಳನ್ನು ಬಿಟ್ಟಿತು. ಹತ್ತು ದಿನದೊಳಗೆ ಎರಡು ತೀರ್ಪುಗಳು, ಸಿಟ್ಟಾದವರು ಎರಡು ಬೇರೆ ಬೇರೆ ಕಡೆಯವರು. ವಾದ ಜೋರಾಗಿಯೇ ನಡೆಯಿತು, ಹೆಚ್ಚಾಗಿ ಟಿವಿಯಲ್ಲಿ ಮತ್ತು ಕೋರ್ಟಿನಲ್ಲಿ.

ಗೇಟಿನ ಒಳಗೆ ಬಿಡಬಾರದು ಎನ್ನುವ ಸದಸ್ಯರಿಗೆ ಕಾರ್ಯದರ್ಶಿಯಾಗಿ ನೀವು ಕೊಡಬೇಕಾದ ಉತ್ತರ ಚಿಕ್ಕದು: ಆ ಅಧಿಕಾರ ನಮಗಿಲ್ಲ. ಸದಸ್ಯರನ್ನು ಹೊರಹಾಕಲು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ 35ನೇ ಕಲಮಿನಂತೆ ಅದಕ್ಕೆಂದೇ ಕರೆದ ಮಹಾಸಭೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ ಬೇಕು, ಮೇಲೆ ರಿಜಿಸ್ಟ್ರಾರರ ಒಪ್ಪಿಗೆ ಬೇಕು. ಅದೂ ಸಂಘದ ಹಿತಕ್ಕೆ ಧಕ್ಕೆ ತಂದ ಕೃತ್ಯಕ್ಕೆ. ಕೋರ್ಟು ಖುಲಾಸೆ ಮಾಡಿದ ಆರೋಪ ಅಂತಹ ಕೃತ್ಯವಾಗುವುದಿಲ್ಲ. ಗೇಟಿನಲ್ಲಿ ತಡೆದರೆ ನ್ಯಾಯ ಸಂಹಿತೆಯ 126ರಂತೆ ಅಕ್ರಮ ತಡೆ, ಒಂದು ತಿಂಗಳ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ. ಹೆಸರು ಬರುವುದು ಕಾವಲುಗಾರನದು ಮತ್ತು ಅವನಿಗೆ ಹೇಳಿದ ನಿಮ್ಮದು. ಜಾತಿ ಸಂಘದ ಸಭೆ ಕರೆದು ‘ಆ ಮನೆಗೆ ಯಾರೂ ಹೋಗಬಾರದು, ಅವರ ಶುಭಕಾರ್ಯಕ್ಕೆ ಬರಬಾರದು’ ಎಂದು ಠರಾವು ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನೂ ಈಗಲೇ ಬಿಡಿಸಿ. ಸಾಮಾಜಿಕ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರದಲ್ಲಿ 2016ರ ಪ್ರತ್ಯೇಕ ಕಾಯ್ದೆಯೇ ಇದೆ, ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ.

ಇನ್ನು ಖುಲಾಸೆಯಾದವರು ಬರುವ ದಿನ. ಅವರ ತಮ್ಮನೊಂದಿಗೆ ಮಾತಾಡಿ ದಿನವನ್ನೇ ಬದಲಿಸಿ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ಗುಂಪು ಸೇರಲು ಅದಕ್ಕಿಂತ ಅನುಕೂಲದ ದಿನವಿಲ್ಲ. ವಾರದ ನಡುವೆ ಬೆಳಿಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು. ಹೊಸ ಸಮಯ ಮನೆಯವರಿಗೆ, ನಿಮಗೆ, ಠಾಣೆಗೆ ಮಾತ್ರ ಗೊತ್ತಿರಲಿ. ಹಾರ, ಪಟಾಕಿ, ಪೇಢೆ ಹಂಚುವುದು ಖಂಡಿತ ಬೇಡ. ಸಂಶಯದ ಲಾಭ ಸಿಕ್ಕವರ ಮನೆಯಲ್ಲಿ ಪಟಾಕಿ ಹೊಡೆದರೆ ಎರಡು ಗಲ್ಲಿ ಆಚೆಗೆ ಅದು ಹೇಗೆ ಕೇಳಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 2021ರ ಫೆಬ್ರುವರಿಯಲ್ಲಿ ಕೊಲೆ ಪ್ರಕರಣಗಳಲ್ಲಿ ಖುಲಾಸೆಯಾದ ಪುಣೆಯ ಗ್ಯಾಂಗ್‌ಸ್ಟರ್ ಒಬ್ಬ ತಳೋಜಾ ಜೈಲಿನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಕಾರುಗಳ ದಂಡು ಕಟ್ಟಿಕೊಂಡು ಮೆರವಣಿಗೆಯಲ್ಲಿ ಹೋದ, ಆ ಮೆರವಣಿಗೆಯ ಮೇಲೆಯೇ ಹೊಸ ಕೇಸುಗಳು ಬಿದ್ದವು.

ಲಾಬಿಯ ನಾಮಫಲಕದಲ್ಲಿ ಹೆಸರಿನ ಪಕ್ಕ ಫ್ಲ್ಯಾಟ್ ನಂಬರು ಇರುತ್ತದೆ. ಮನೆಯವರ ಒಪ್ಪಿಗೆ ಪಡೆದು ಒಂದೆರಡು ತಿಂಗಳು ಆ ಪಟ್ಟಿಯನ್ನು ತೆಗೆದಿಡಿ, ಒಂದು ಹೆಸರನ್ನು ಮಾತ್ರ ಮುಚ್ಚಿದರೆ ಅದೇ ಗುರುತಾಗುತ್ತದೆ. ಸಿಸಿಟಿವಿ ನಡೆಯುತ್ತಿದೆಯೇ ಎಂದಷ್ಟೇ ನೋಡಿದರೆ ಸಾಲದು. ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಗಡಿಯಾರವನ್ನು ನಿಮ್ಮ ಫೋನಿನ ಸಮಯದೊಂದಿಗೆ ಹೋಲಿಸಿ. ಕರೆಂಟು ಹೋಗಿ ಬಂದ ಮೇಲೆ ಅನೇಕ ಡಿವಿಆರ್‌ಗಳು ಹಳೆಯ ತಾರೀಖಿಗೆ ಜಿಗಿದಿರುತ್ತವೆ, ಆಮೇಲೆ ಆ ದೃಶ್ಯ ಯಾವತ್ತಿನದು ಎಂಬುದೇ ವಾದವಾಗುತ್ತದೆ. ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಎಂದು ಪರೀಕ್ಷಿಸಿ. ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆಯುತ್ತದೆ, ಆದ್ದರಿಂದ ಏನಾದರೂ ನಡೆದರೆ ಅಂದೇ ಪ್ರತಿ ತೆಗೆಸಬೇಕು. ಹಿಂದಿನ ಗೇಟು ಮುಚ್ಚಿರಲಿ, ಆದರೆ ಬೀಗದ ಕೈ ಒಳಗೆ ಎರಡು ಕಡೆ ಇರಲಿ. ಬೆಂಕಿ ಬಿದ್ದರೆ ಆಂಬುಲೆನ್ಸೂ ಅಗ್ನಿಶಾಮಕದವರೂ ಒಳಗೆ ಬರಬೇಕಲ್ಲ.

ಜನ ಸೇರಿಯೇಬಿಟ್ಟರೆ 112ಕ್ಕೆ ಕರೆ ಮಾಡಿ. ವಿಳಾಸ, ಹತ್ತಿರದ ಗುರುತು, ಸುಮಾರು ಎಷ್ಟು ಜನ, ಕೈಯಲ್ಲಿ ದೊಣ್ಣೆ ಕಲ್ಲು ಇದೆಯೇ, ಇಷ್ಟನ್ನು ಮೊದಲ ಅರ್ಧ ನಿಮಿಷದಲ್ಲಿ ಹೇಳಿ. ಎರಡು ಮನೆಗಳಿಂದ ಬೇರೆ ಬೇರೆ ಕರೆ ಹೋಗಲಿ. ಗೇಟಿನಲ್ಲಿ ಮಾತಾಡಲು ಒಬ್ಬರೇ ನಿಲ್ಲಲಿ, ಆ ಮನೆಗೆ ಸಂಬಂಧಿಕರಲ್ಲದ, ಎರಡೂ ಕಡೆಯವರು ಗೌರವ ಕೊಡುವ ವ್ಯಕ್ತಿ. ತೀರ್ಪು ಸರಿಯೋ ತಪ್ಪೋ ಎಂಬ ವಾದಕ್ಕೆ ಅವರು ಇಳಿಯಬಾರದು. ಖುಲಾಸೆಯಾದವರು ತಮ್ಮ ಮನೆಯಲ್ಲೇ, ಬಾಗಿಲು ಹಾಕಿಕೊಂಡು ಇರಲಿ. ಸೊಸೈಟಿ ಆಫೀಸಿನಲ್ಲೋ ಕಾವಲುಗಾರನ ಕೋಣೆಯಲ್ಲೋ ಕೂರಿಸಿ ‘ಪೊಲೀಸರು ಬರುವವರೆಗೆ ಇಲ್ಲಿರಿ’ ಎನ್ನುವುದು ರಕ್ಷಣೆಯಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ಗಾಳಿಸುದ್ದಿಗೆ ಅಲೆಮಾರಿ ಸಮುದಾಯದ ಐವರು ಬಲಿಯಾದರು. ಅವರನ್ನು ಗ್ರಾಮ ಪಂಚಾಯಿತಿಯ ಕೋಣೆಯಲ್ಲಿ ಕೂಡಿ ಹಾಕಿಯೇ ಹೊಡೆದದ್ದು. ನೆಲಮಹಡಿಯ ಒಂಟಿ ಬಾಗಿಲಿನ ಕೋಣೆ ಗುಂಪಿಗೆ ಬಲು ಅನುಕೂಲ. ಅದೇ ತಿಂಗಳು 17ರಂದು ಸುಪ್ರೀಂ ಕೋರ್ಟು ಗುಂಪುಹತ್ಯೆ ತಡೆಗೆ ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು ಆದೇಶಿಸಿತು, ಗೊತ್ತಿದ್ದೂ ಸುಮ್ಮನಿದ್ದ ಅಧಿಕಾರಿಗಳ ಮೇಲೆ ಶಿಸ್ತು ಕ್ರಮ ಆಗಬೇಕೆಂದೂ ಹೇಳಿತು. ಡಿಸಿಪಿಗೆ ಕೊಡುವ ಪ್ರತಿಯಲ್ಲಿ ಈ ಆದೇಶದ ಒಂದು ಸಾಲು ಇದ್ದರೆ ಅರ್ಜಿಯ ತೂಕ ಬೇರೆಯಾಗುತ್ತದೆ.

ಸಾಕ್ಷಿ ಹೇಳಿದ ಹಿರಿಯರ ಭಯ ಇದಕ್ಕೆ ತದ್ವಿರುದ್ಧ ದಿಕ್ಕಿನದು. ಅವರನ್ನು ಈ ಗದ್ದಲದಲ್ಲಿ ಮರೆಯಬೇಡಿ. 2018ರ ಸಾಕ್ಷಿ ಸಂರಕ್ಷಣಾ ಯೋಜನೆ ವಿಚಾರಣೆ ಮುಗಿದ ನಂತರದ ಬೆದರಿಕೆಗೂ ಅನ್ವಯಿಸುತ್ತದೆ, ಮಹಾರಾಷ್ಟ್ರಕ್ಕೆ 2017ರ ಸ್ವಂತ ಕಾಯ್ದೆಯೂ ಇದೆ. ಯೋಜನೆಯಂತೆ ಅರ್ಜಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ವಿಭಾಗದ ಎಸಿಪಿ ಐದು ಕೆಲಸದ ದಿನಗಳಲ್ಲಿ ಅಪಾಯದ ಕುರಿತು ವರದಿ ಕೊಡಬೇಕು. ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳವರೆಗೆ. ಗನ್‌ಮ್ಯಾನ್ ಕೊಡುತ್ತಾರೆಂದು ಎಣಿಸಬೇಡಿ. ಗಸ್ತು, ಗಟ್ಟಿ ಬಾಗಿಲು, ಕ್ಯಾಮೆರಾ, ಫೋನ್ ನಂಬರು ಬದಲಾವಣೆ, ಇಂತಹವು ಸಿಗುತ್ತವೆ. ಅವರಿಗೆ ಧೈರ್ಯ ಕೊಡುವ ಇನ್ನೊಂದು ಸಂಗತಿಯೆಂದರೆ, ಮೇಲ್ಮನವಿ ಸಾಮಾನ್ಯವಾಗಿ ಹಳೆಯ ದಾಖಲೆಯ ಮೇಲೆಯೇ ನಡೆಯುತ್ತದೆ. ಅವರು ಹೇಳಿದ್ದು ಆಗಲೇ ಕಾಗದದಲ್ಲಿದೆ, ಅವರನ್ನು ಬೆದರಿಸಿ ಅದನ್ನು ಅಳಿಸಲಾಗದು.

ಪುಣೆ, ಪಿಂಪ್ರಿ ಚಿಂಚವಡದಲ್ಲಿ ಇದೇ ಪ್ರಶ್ನೆ ಇರುವವರಿಗೆ ಹೆಚ್ಚಿನದೇನೂ ಬದಲಾಗುವುದಿಲ್ಲ, ಅಲ್ಲೂ ಕಮಿಷನರೇಟ್ ವ್ಯವಸ್ಥೆಯೇ. ಸೋಲಾಪುರ, ಸಾಂಗ್ಲಿ, ಕೊಲ್ಹಾಪುರ ಕಡೆಯ ಕನ್ನಡಿಗರ ಮೇಲ್ಮನವಿ 2025ರ ಆಗಸ್ಟಿನಿಂದ ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಸರ್ಕಿಟ್ ಬೆಂಚಿಗೆ ಹೋಗುತ್ತದೆ. ಗೋವಾದಲ್ಲಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆ ಇಲ್ಲ, ನಿಷೇಧಾಜ್ಞೆ ಬರುವುದು ಬಿಎನ್‌ಎಸ್‌ಎಸ್ 163ರಡಿ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ. ವಾಸ್ಕೊ, ಝುವಾರಿನಗರದಲ್ಲಿ ಬಾಡಿಗೆ ಖೋಲಿಗಳಲ್ಲಿರುವ ನಮ್ಮವರ ಮನೆಗಳಿಗೆ ಗೇಟು, ಕ್ಯಾಮೆರಾ ಇರುವುದು ಕಡಿಮೆ. ಅಲ್ಲಿ ಒಂದೆರಡು ವಾರ ಬೇರೆ ಊರಿನ ನೆಂಟರ ಮನೆಯಲ್ಲಿರುವುದೇ ಜಾಣತನ. ಖುಲಾಸೆಯಾದವರು ಮೇಲಿನ ಕೋರ್ಟು ಕರೆದರೆ ಹಾಜರಾಗುತ್ತೇನೆ ಎಂದು ಆರು ತಿಂಗಳ ಮುಚ್ಚಳಿಕೆ ಕೊಟ್ಟಿರುತ್ತಾರೆ. ವಿಳಾಸ ಬದಲಾದರೆ ಅದನ್ನು ಕೋರ್ಟಿಗೆ ತಿಳಿಸಿಯೇ ಹೋಗಲಿ. ಇಲ್ಲದಿದ್ದರೆ ‘ಓಡಿಹೋದ’ ಎಂಬ ಮಾತು ಹುಟ್ಟುತ್ತದೆ.

ಭಾನುವಾರ ಕಳೆದು ಎಲ್ಲ ತಣ್ಣಗಾದ ಮೇಲೆ, ಕೆಲವು ತಿಂಗಳ ನಂತರ ಎರಡನೆಯ ಅಲೆ ಬರಬಹುದು, ಅದಕ್ಕೂ ಸಿದ್ಧರಿರಿ. ಹೈಕೋರ್ಟು ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಂಡರೆ ಬಿಎನ್‌ಎಸ್‌ಎಸ್ 431ನೇ ಕಲಮಿನಂತೆ ವಾರಂಟ್ ಹೊರಡಿಸಬಹುದು. ಪೊಲೀಸರು ಕಟ್ಟಡಕ್ಕೆ ಬರುತ್ತಾರೆ, ಖುಲಾಸೆಯಾದವರನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಕೋರ್ಟು ಜಾಮೀನಿನ ಮೇಲೆ ಬಿಟ್ಟರೆ ಸಂಜೆಗೆ ಮನೆಗೂ ಬಂದಾರು. ಜೀಪು ಗೇಟಿಗೆ ಬಂದ ಹತ್ತು ನಿಮಿಷದಲ್ಲಿ ‘ಮತ್ತೆ ಅರೆಸ್ಟ್, ಹೊಸ ಕೊಲೆ’ ಎಂದು ಗುಂಪಿನಲ್ಲಿ ಬರುತ್ತದೆ. ಆಗ ಹಾಕಲು ಒಂದು ಸಂದೇಶವನ್ನು ಈಗಲೇ ಬರೆದಿಟ್ಟುಕೊಳ್ಳಿ: ‘ಇದು ಹಳೆಯ ಪ್ರಕರಣದ ಮೇಲ್ಮನವಿಯ ಕ್ರಮ. ಹೊಸ ಆರೋಪ ಇಲ್ಲ. ಮುಂದಿನ ತಾರೀಖು ಕೋರ್ಟಿನ ವೆಬ್‌ಸೈಟಿನಲ್ಲಿ ನೋಡಬಹುದು.’ ಕೆಳಗೆ ಪ್ರಕರಣದ ಸಂಖ್ಯೆ ಹಾಕಿ.